ನಾಚಿಕೆಗೂ ನಾಣಕ್ಕೂ ಏನು ನಂಟು?

ಪ್ರಶ್ನೆ: ನಮ್ಮ ಪಕ್ಕದ ಮನೆಯವರ ಮಾತು ಮಲಯಾಳ. ನೆಂಟರು ಬಂದಾಗ ಮಗಳು ಬಾಗಿಲ ಹಿಂದೆ ಅಡಗಿದರೆ ಅವರು ‘ನಾಣಂ’ ಅನ್ನುತ್ತಾರೆ, ನಾವು ‘ನಾಚಿಕೆ’ ಅನ್ನುತ್ತೇವೆ. ನಮ್ಮ ಪದ ಮಲಯಾಳದಿಂದ ಬಂದದ್ದಾ? ಲಜ್ಜೆ, ಸಂಕೋಚ ಎಲ್ಲ ಒಂದೇನಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಅಲ್ಲಿಂದ ಬಂದದ್ದಲ್ಲ, ಇಲ್ಲಿಂದ ಹೋದದ್ದೂ ಅಲ್ಲ. ಎರಡಕ್ಕೂ ಬೇರು ಒಂದೇ.

ಹಳಗನ್ನಡದಲ್ಲಿ ಇದಕ್ಕೆ ‘ನಾಣ್’ ಅನ್ನುತ್ತಿದ್ದರು. ಅದಕ್ಕೆ ‘ಚು’ ಸೇರಿ ನಾಣ್ಚು, ಆಮೇಲೆ ನಡುವಿನ ಣಕಾರ ಬಿದ್ದುಹೋಗಿ ನಾಚು, ಇನ್ನು ನಂಬು ಹೋಗಿ ನಂಬಿಕೆ ಆದ ಹಾಗೆ ನಾಚು ನಾಚಿಕೆ ಆಯಿತು. ಮಲಯಾಳದವರು ಹಳೆಯ ರೂಪವನ್ನೇ ಹೆಚ್ಚು ಉಳಿಸಿಕೊಂಡರು ಅಷ್ಟೇ. ತಮಿಳಿನಲ್ಲೂ ಅದು ಇದೆ. ತಿರುಕ್ಕುರಳಿನ 102ನೇ ಅಧ್ಯಾಯದ ಹೆಸರೇ ‘ನಾಣುಡೈಮೈ’, ಅಂದರೆ ನಾಚಿಕೆ ಉಳ್ಳವರಾಗಿರುವುದು. ನಮ್ಮ ತುಳುವಿನಲ್ಲಿ ನಾಚಿಗೆ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವ ಜೋಡಿ ಇನ್ನೊಂದಿದೆ: ನಾವು ‘ನಾಚಿಕೆಗೇಡು’ ಅನ್ನುವಲ್ಲಿ ಮಲಯಾಳದವರು ‘ನಾಣಕ್ಕೇಡ್’ ಅನ್ನುತ್ತಾರೆ, ಎರಡರಲ್ಲೂ ಕೊನೆಗಿರುವುದು ಅದೇ ‘ಕೇಡು’. ಗಡಿಯಲ್ಲಿ ಇರುವ ನಮಗೆ ಇದು ದಿನಾ ಕಿವಿಗೆ ಬೀಳುತ್ತದೆ, ಆದರೂ ಯಾರು ಯಾರಿಂದ ತೆಗೆದುಕೊಂಡರು ಅಂತ ಸುಮ್ನೆ ಜಗಳ ಆಡುತ್ತೇವೆ. ಹಾಗೆಯೇ ನಾಣ್ಯವನ್ನು ಇದರ ಜೊತೆ ಸೇರಿಸಬೇಡಿ, ಅದು ಸಂಸ್ಕೃತದ ‘ನಾಣಕ’ದಿಂದ ಬಂದದ್ದು. ನಾಣ್ಣುಡಿಯೂ ಬೇರೆ, ಅದು ನಾಡಿನ ನುಡಿ.

ಲಜ್ಜೆ ಸಂಸ್ಕೃತದ್ದು, ಬರವಣಿಗೆಯಲ್ಲೇ ಜಾಸ್ತಿ. ಸಿಗ್ಗು ಅಂತ ಇನ್ನೊಂದು ಪದ ಇದೆ, ತೆಲುಗಿನವರ ಬಾಯಲ್ಲಿ ಇವತ್ತಿಗೂ ಅದೇ.

ಆದರೆ ಸಂಕೋಚ ಬೇರೆ. ಅದರ ಮೂಲ ಅರ್ಥ ಕುಗ್ಗುವುದು, ಮುದುಡುವುದು. ಕೇಳಲೋ ಬೇಡವೋ ಅಂತ ಹಿಂಜರಿಯುವುದು ಸಂಕೋಚ, ಅದರಲ್ಲಿ ತಪ್ಪಿನ ಮಾತಿಲ್ಲ. ನಾಚಿಕೆಗೆ ಮಾತ್ರ ಎರಡು ಮುಖ. ‘ಅವಳಿಗೆ ನಾಚಿಕೆ’ ಅಂದರೆ ಮುದ್ದು, ‘ನಾಚಿಕೆ ಆಗಲ್ವಾ ನಿಂಗೆ?’ ಅಂದರೆ ಬೈಗುಳ. ಬಾಗಿಲ ಹಿಂದೆ ನಿಂತ ಮಗುವಿಗೆ ಈ ಎರಡನೆಯದನ್ನು ಹೇಳಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮಗು ಏನೂ ತಪ್ಪು ಮಾಡಿಲ್ಲ ಅಲ್ವಾ?

ಇನ್ನು ಊಟಕ್ಕೆ ಕೂತವರಿಗೆ ನಮ್ಮ ಕಡೆ ‘ದಾಕ್ಷಿಣ್ಯ ಮಾಡ್ಬೇಡಿ, ಬಡಿಸ್ಕೊಳ್ಳಿ’ ಅನ್ನುತ್ತೇವಲ್ಲ, ಅದು ನಾಚಿಕೆಯೂ ಅಲ್ಲ. ಎದುರಿನವರ ಮನಸ್ಸಿಗೆ ಬೇಸರ ಆದೀತು, ಅವರಿಗೆ ಹೊರೆ ಆದೀತು ಅಂತ ತಡೆಯುವುದೇ ದಾಕ್ಷಿಣ್ಯ.