ಎರಡೇ ಗ್ರಂಥಿ ತೆಗೆದರೆ ಸಾಕೇ?

ಓದುಗರೊಬ್ಬರ ಪತ್ರ: ಅಕ್ಕನಿಗೆ ಗರ್ಭಕೋಶದ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಆಯಿತು. ಹಸಿರು ಬಣ್ಣ ಚುಚ್ಚಿ, ಕ್ಯಾಮೆರಾದಲ್ಲಿ ನೋಡಿ, ಎರಡೇ ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದರಂತೆ. ಹಿಂದೆಲ್ಲ ಪೂರ್ತಿ ತೆಗೆಯುತ್ತಿದ್ದರು. ಇದು ಕೆಲಸಗಳ್ಳತನವಲ್ಲವೇ?

ಸಂಪಾದಕರ ಉತ್ತರ: ವೈದ್ಯರೆದುರು ಕೈಕಟ್ಟಿ ನಿಲ್ಲುವವರೇ ಹೆಚ್ಚಿರುವಾಗ ನೀವು ಅನುಮಾನಪಟ್ಟು ಕೇಳಿದಿರಿ, ಸಂತೋಷ. ಆದರೆ ಹೆಚ್ಚು ಕೊಯ್ದವನೇ ದೊಡ್ಡ ಸರ್ಜನ್ ಎಂಬ ನಂಬಿಕೆ ನಿಮಗೂ ಅಂಟಿದೆಯಲ್ಲ!

ಪೂರ್ತಿ ತೆಗೆದು ಆದದ್ದೇನು? 2008ರಲ್ಲಿ ಇಟಲಿಯ, 2009ರಲ್ಲಿ ಬ್ರಿಟನ್ ಮುಂದಾಳತ್ವದ ದೊಡ್ಡ ಅಧ್ಯಯನಗಳು ಪ್ರಕಟವಾದವು. ಆರಂಭಿಕ ಹಂತದ ಗರ್ಭಕೋಶದ ಕ್ಯಾನ್ಸರಿನಲ್ಲಿ ಗ್ರಂಥಿಗಳನ್ನೆಲ್ಲ ಬಾಚಿ ತೆಗೆದರೂ ಆಯುಸ್ಸು ಹೆಚ್ಚಲಿಲ್ಲ, ಕಾಲಿನ ಬಾವು ಮಾತ್ರ ಹೆಚ್ಚಿತು. ನನ್ನ ಬಂಧುವೊಬ್ಬರು ಒಂದೊಂದು ಕಾಲಿಗೆ ಒಂದೊಂದು ಅಳತೆಯ ಚಪ್ಪಲಿ ಕೊಳ್ಳುತ್ತಿದ್ದರು. ಆ ಸಂಕಟ ಯಾವ ಅಂಕಿಅಂಶದಲ್ಲೂ ಸಿಗುವುದಿಲ್ಲ.

ಈ ಬಣ್ಣವೂ ನಿನ್ನೆಯದಲ್ಲ. ಇಂಡೋಸಯನೈನ್ ಗ್ರೀನ್ ಅಮೆರಿಕದಲ್ಲಿ 1959ರಲ್ಲೇ ಅನುಮತಿ ಪಡೆದು, ಹೃದಯ ಮತ್ತು ಯಕೃತ್ತಿನ ಪರೀಕ್ಷೆಗಳಲ್ಲಿ ದುಡಿದದ್ದು. ಗರ್ಭಕೊರಳಿಗೆ ಚುಚ್ಚಿದರೆ ದುಗ್ಧನಾಳದ ಜಾಡು ಹಿಡಿದು ಮೊದಲ ಗ್ರಂಥಿಗೆ ಸೇರುತ್ತದೆ, ಇನ್ಫ್ರಾರೆಡ್ ಕ್ಯಾಮೆರಾಕ್ಕೆ ಬೆಳಗಿ ಕಾಣುತ್ತದೆ. ರೋಗ ಹರಡುವುದಿದ್ದರೆ ಸಾಮಾನ್ಯವಾಗಿ ಮೊದಲು ತಂಗುವುದು ಅಲ್ಲೇ. ಇದೇ ವಿಧಾನವನ್ನು ಒರೆಗೆ ಹಚ್ಚಿದ 2017ರ ಫೈರ್ಸ್ ಅಧ್ಯಯನದಲ್ಲಿ, ಗ್ರಂಥಿ ಬೆಳಗಿದವರ ಪೈಕಿ ರೋಗ ಗ್ರಂಥಿಗಳಿಗೆ ಹರಡಿದ್ದವರಲ್ಲಿ ನೂರಕ್ಕೆ 97 ಮಂದಿಗೆ ಅದು ಬೆಳಗಿದ ಗ್ರಂಥಿಯಲ್ಲೇ ಸಿಕ್ಕಿಬಿದ್ದಿತು. ಎಡಬಲ ಎರಡೂ ಬದಿ ಬೆಳಗಿದ್ದು ಅರ್ಧದಷ್ಟು ಮಂದಿಯಲ್ಲಿ ಮಾತ್ರ, ನಿಮ್ಮ ಆತಂಕಕ್ಕೆ ಅಷ್ಟು ಬೆಲೆ ಉಂಟು. ಬೆಳಗದ ಬದಿಯಲ್ಲಿ ಹಳೆಯ ರೀತಿಯಲ್ಲೇ ಗ್ರಂಥಿಗಳನ್ನು ತೆಗೆಯಬೇಕೆಂಬುದು ಆ ವಿಧಾನದ ಕಟ್ಟಳೆ.

ನನ್ನ ಸಿಟ್ಟು ಬೇರೆ. ಹೆದ್ದಾರಿಯ ಬದಿಯ ಆಸ್ಪತ್ರೆ ಫಲಕಗಳಲ್ಲಿ ರೋಬೋಟಿನ ತೋಳು ಮಿಂಚುತ್ತದೆ. ಆ ಎರಡು ಗ್ರಂಥಿಗಳನ್ನು ಪದರಪದರವಾಗಿ ಸೀಳಿ, ವಿಶೇಷ ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಜಾಲಾಡುವ ಪೆಥಾಲಜಿಸ್ಟರ ಮುಖವನ್ನು ಯಾವ ಫಲಕದಲ್ಲಾದರೂ ಕಂಡಿದ್ದೀರಾ? ರಾಶಿ ಗ್ರಂಥಿಗಳ ಮೇಲೆ ಕಣ್ಣಾಡಿಸುವಾಗ ತಪ್ಪಿಹೋಗುವ ಪುಟ್ಟ ಕ್ಯಾನ್ಸರ್ ಕಣಗಳ ಗುಂಪು ಸಿಗುವುದು ಅವರ ತಾಳ್ಮೆಯಿಂದ. ಕ್ಯಾಮೆರಾ ಕೊಳ್ಳಲು ಕೋಟಿ ಹೊಂದಿಸುವ ಆಡಳಿತ ಮಂಡಳಿಗಳು ಪ್ರಯೋಗಾಲಯಕ್ಕೆ ಇನ್ನೊಬ್ಬರನ್ನು ನೇಮಿಸಿ ಎಂದರೆ ಬಡತನ ತೋರಿಸುತ್ತವೆ. ನಾವೇನು ಕಡಿಮೆಯೇ? ಡ್ರಿಪ್ ಹಾಕದೆ ಬರೀ ಮಾತಾಡಿ ಕಳಿಸಿದ ವೈದ್ಯರಿಗೆ ಫೀಸು ಕೊಡಲು ನಮಗೆ ಕೈ ಬರುವುದಿಲ್ಲ.

ಅಕ್ಕನವರ ಬಯಾಪ್ಸಿ ವರದಿ ತರಿಸಿಕೊಳ್ಳಿ. ಎರಡು ಗ್ರಂಥಿಗಳು ಎರಡೂ ಬದಿಯವೇ, ಪದರಪದರವಾಗಿ ಸೀಳಿ ಜಾಲಾಡುವ ಆ ಪರೀಕ್ಷೆ, ಅಂದರೆ ಅಲ್ಟ್ರಾಸ್ಟೇಜಿಂಗ್, ಮಾಡಿದ್ದಾರೆಯೇ ಎಂದು ಕೇಳಿ. ಉತ್ತರಕ್ಕೆ ತಡವರಿಸಿದರೆ ಆಗ ಇನ್ನೊಂದು ಪತ್ರ ಬರೆಯಿರಿ, ನಾನೂ ನಿಮ್ಮ ಜೊತೆ ಸೇರಿ ಬೈಯುತ್ತೇನೆ.