ಮೇಘಾಲಯದ ಕಲ್ಲಿದ್ದಲು ಗಣಿಗಳ ವಿರುದ್ಧ ಅಸ್ಸಾಮಿನ ವಿದ್ಯಾರ್ಥಿಗಳು ಏಕೆ ದೂರು ಕೊಟ್ಟರು?

ಮೇಲಿನ ಗಣಿಗಳ ಆಮ್ಲ ಕೆಳಗೆ ಅಸ್ಸಾಮಿನಲ್ಲಿ ಹರಿಯುವ ಕೊಪಿಲಿ ನದಿಯನ್ನು ಕೆಡಿಸುತ್ತಿತ್ತು, ಅದಕ್ಕೆ.

ಮೇಘಾಲಯದ ಜೈಂತಿಯಾ ಬೆಟ್ಟಗಳ ಕಲ್ಲಿದ್ದಲಿನಲ್ಲಿ ಗಂಧಕ ಹೆಚ್ಚು. ಅದರೊಳಗಿನ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜ, ನೆಲದಡಿ ಗಾಳಿ ಸೋಕದೆ ಇರುವವರೆಗೆ ಯಾರಿಗೂ ತೊಂದರೆ ಕೊಡುವುದಿಲ್ಲ. ಅಗೆದು ರಾಶಿ ಹಾಕಿದರೆ ಗಾಳಿ, ಮಳೆನೀರು ತಾಗಿ ಗಂಧಕಾಮ್ಲ ಹುಟ್ಟುತ್ತದೆ. ಮನುಷ್ಯ ತೆವಳಿಕೊಂಡೇ ಹೋಗಬೇಕಾದಷ್ಟು ಕಿರಿದಾದ 'ಇಲಿಬಿಲ' ಸುರಂಗಗಳನ್ನು ಅಗೆದು ಹಾಗೇ ಬಿಟ್ಟುಹೋದರೆ ಅಲ್ಲೂ ಇದೇ ಕಥೆ. ಹಾಗಾಗಿ ಗಣಿ ನಿಲ್ಲಿಸಿದ ಮಾತ್ರಕ್ಕೆ ಆಮ್ಲ ನಿಲ್ಲದು. ಈ ನೀರಿನಲ್ಲಿ ಮೀನು ಬದುಕುವುದಿಲ್ಲ. ಕೊಪಿಲಿ ಜಲವಿದ್ಯುತ್ ಕೇಂದ್ರದ ಲೋಹದ ಯಂತ್ರಭಾಗಗಳೂ ಸವೆದುಹೋದವು.

ಅಸ್ಸಾಮಿನ ದಿಮಾ ಹಸಾವೊ ಜಿಲ್ಲೆಯ ದಿಮಾಸಾ ಬುಡಕಟ್ಟಿನ ವಿದ್ಯಾರ್ಥಿ ಸಂಘಟನೆಯ ಅರ್ಜಿಯ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರ ಏಪ್ರಿಲ್‌ನಲ್ಲಿ ಇಲಿಬಿಲ ಗಣಿಗಾರಿಕೆ ನಿಷೇಧಿಸಿತು. ಬುಡಕಟ್ಟು ಜನರ ಖಾಸಗಿ ಜಮೀನಿಗೆ ಕೇಂದ್ರದ ಗಣಿ ಕಾನೂನು ಅನ್ವಯಿಸದು ಎಂಬ ವಾದವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಒಪ್ಪಲಿಲ್ಲ. ಭೂಮಿಯ ಹಕ್ಕು ಅವರದೇ, ಆದರೆ ಗಣಿಗೆ ಅನುಮತಿ ಬೇಕೇ ಬೇಕು ಎಂದಿತು. ನನ್ನ ಮಟ್ಟಿಗೆ ಅದು ನ್ಯಾಯವಾದ ತೀರ್ಪು. ನಿಷೇಧದ ಜಾರಿಯಲ್ಲಿ ಮಾತ್ರ ಸರ್ಕಾರ ಸೋತಿದೆ: 2018ರ ಡಿಸೆಂಬರ್‌ನಲ್ಲಿ, ನಿಷೇಧ ಇದ್ದಾಗಲೇ, ಜೈಂತಿಯಾ ಬೆಟ್ಟಗಳ ಕ್ಸಾನ್‌ನ ಅಕ್ರಮ ಗಣಿಗೆ ನೀರು ನುಗ್ಗಿ 15 ಕಾರ್ಮಿಕರು ಸಿಕ್ಕಿಬಿದ್ದರು.