ಅಳಿವೆಯಲ್ಲಿ ಹಕ್ಕಿ ನೋಡುವವರನ್ನು ಕರೆತರೋ ಮುಂಚೆ ಯಾರ ಜೊತೆ ಮಾತಾಡಬೇಕು?

ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ದಡದಲ್ಲಿ ಹೋಮ್‌ಸ್ಟೇ ಇದೆ, ಹಕ್ಕಿ ನೋಡುವವರನ್ನು ಕರೆತರಬೇಕು, ಯೋಜನೆ ಎಲ್ಲಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ನಾನು ದಾವಣಗೆರೆಯವನು. ಇಲ್ಲಿ ಕೊಂಡಜ್ಜಿ ಕೆರೆ, ಸೂಳೆಕೆರೆ ಸುತ್ತುತ್ತೇನೆ, ಚಳಿಗಾಲದಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕುಮಟಾ ಕಡೆ ಬರುತ್ತೇನೆ. ಹಾಗಾಗಿ ಬರುವವರ ಕಡೆಯಿಂದ ಹೇಳ್ತೀನಿ.

ಮೊದಲು ಬಳಚು, ಅಂದರೆ ಕೆಸರಿನ ಚಿಪ್ಪುಮೀನು ಆರಿಸುವ ಹೆಂಗಸರ ಹತ್ತಿರ ಹೋಗಿ. ಪಂಚಾಯಿತಿ, ಅರಣ್ಯ ಇಲಾಖೆ ಆಮೇಲೆ. ಇಳಿತದಲ್ಲಿ ತೆರೆದುಕೊಳ್ಳೋ ಕೆಸರೇ ಅವರ ಹೊಲ, ಹಕ್ಕಿಗಳಿಗೂ ಅದೇ ಹೊಟ್ಟೆಪಾಡು. ಕ್ಯಾಮೆರಾ ಹಿಡಿದ ಹತ್ತು ಜನ ಅಲ್ಲಿ ನುಗ್ಗಿದರೆ ಇಬ್ಬರಿಗೂ ತೊಂದರೆ.

ನಮ್ಮ ಕೆರೆಗಳಿಗೆ ಬೆಳಕು ಹರಿಯೋ ಹೊತ್ತಿಗೆ ಹೋದರೆ ಸಾಕು. ನಿಮ್ಮಲ್ಲಿ ಉಬ್ಬರ-ಇಳಿತ ನೋಡಿ ಹೊರಡಬೇಕು, ಅದೂ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತೆ. ನೀರು ಏರಿದಾಗ ಗೊರವ, ರೀವದಂಥ ನೀರಹಕ್ಕಿಗಳು ಉಳಿದಿರೋ ಮರಳುದಿಬ್ಬದ ಮೇಲೆ ಒತ್ತೊತ್ತಾಗಿ ನಿಲ್ಲುತ್ತವೆ. ಎಷ್ಟೋ ಹಕ್ಕಿಗಳು ಒಂಟಿಕಾಲಲ್ಲಿ, ಕೊಕ್ಕು ಬೆನ್ನಿನ ಗರಿಯೊಳಗೆ ತೂರಿಸಿಕೊಂಡು. ಫೋಟೊ ಆಸೆಗೆ ದೋಣಿ ಹತ್ತಿರ ಒಯ್ತಾರೆ. ಇಡೀ ಗುಂಪು ಏಳುತ್ತೆ, ಸುತ್ತು ಹೊಡೆದು ಕೂರುತ್ತೆ, ಇನ್ನೊಂದು ದೋಣಿ ಬಂದರೆ ಮತ್ತೆ ಏಳುತ್ತೆ. ಮಾರ್ಚ್-ಏಪ್ರಿಲ್‌ ಹೊತ್ತಿಗೆ ಸಾವಿರಾರು ಕಿಲೋಮೀಟರ್ ಹಾರಬೇಕಾದ ವಲಸೆ ಹಕ್ಕಿ ಮೈಯಲ್ಲಿ ಕೂಡಿಟ್ಟ ಕೊಬ್ಬನ್ನು ಹೀಗೆ ಸುಮ್ಮಸುಮ್ಮನೆ ಕರಗಿಸುತ್ತೆ. ನೋಡೋಕೆ ಸಂಕಟ ಆಗುತ್ತೆ.

ಅದಕ್ಕೇ ಬಳಚಿನವರು, ಬಲೆ ಹಾಕುವವರು, ದೋಣಿಯವರು, ಗಜನಿ ಗದ್ದೆಯವರು (ಅಳಿವೆಯ ಉಪ್ಪುನೀರು ಬರುವ ತಗ್ಗು ಗದ್ದೆ) ಎಲ್ಲರನ್ನೂ ಕೂರಿಸಿಕೊಂಡು ನಕ್ಷೆ ಬರೆಯಿರಿ. ದೋಣಿ ಎಲ್ಲಿಗೆ ನಿಲ್ಲಬೇಕು, ಎಲ್ಲಿ ಕಾಲಿಡಬಾರದು, ಒಂದು ಹೊತ್ತಿಗೆ ಎಷ್ಟು ದೋಣಿ, ಇದನ್ನೆಲ್ಲ ಅವರೇ ಹೇಳಲಿ. ದುಡ್ಡಿನ ಮಾತೂ ಅಲ್ಲೇ ಮುಗಿಯಲಿ: ದೋಣಿ ಪಾಳಿ ಹೇಗೆ, ಹಕ್ಕಿ ತೋರಿಸೋರಿಗೆ ಎಷ್ಟು, ದೋಣಿ ಇಲ್ಲದ ಹೆಂಗಸರಿಗೆ ಏನು ಸಿಗುತ್ತೆ. ಒಡಿಶಾದ ಚಿಲಿಕಾ ದಂಡೆಯ ಮಂಗಳಾಜೋಡಿಯಲ್ಲಿ ಒಂದು ಕಾಲಕ್ಕೆ ಹಕ್ಕಿ ಬೇಟೆಯಾಡುತ್ತಿದ್ದವರೇ ಈಗ ದೋಣಿ ನಡೆಸಿ ಹಕ್ಕಿ ತೋರಿಸುತ್ತಾರೆ, ಕಾಯುತ್ತಾರೆ. ಹಕ್ಕಿ ಉಳಿದರೆ ಅವರ ಮನೆಗೂ ದುಡಿಮೆ ಉಳಿಯುತ್ತೆ.

ಒಪ್ಪಿದ್ದನ್ನು ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ನಡಾವಳಿಯಲ್ಲಿ ಬರೆಸಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಅದು ಇರಲೇಬೇಕು. ಈ ಕೆಲಸ ತಡಮಾಡಬೇಡಿ; 2024ರಲ್ಲಿ ಅಘನಾಶಿನಿ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದೆ, ನಮ್ಮಂಥವರು ಇನ್ನೂ ಬರ್ತೀವಿ. ಬುಕ್ ಮಾಡೋಕೆ ಫೋನ್ ಬಂದಾಗಲೇ ಆ ದಿನದ ಇಳಿತದ ಹೊತ್ತು, ದಿಬ್ಬದ ಹತ್ತಿರ ದೋಣಿ ಹೋಗಲ್ಲ ಅನ್ನೋದು, ಎರಡನ್ನೂ ಹೇಳಿಬಿಡಿ.